ಮೊಲದ ಕಿವಿ ನೆಟ್ಟಗಾದಾಗ: ಆರ್ವಿದ್ ಕಾರ್ಲ್‌ಸನ್ ಮತ್ತು ಡೋಪಮೈನ್

[ದೃಶ್ಯ: ಮೇಜಿನ ಮೇಲೆ ಮುದುಡಿ ಕುಳಿತ ಮೊಲಗಳ ರೇಖಾಚಿತ್ರ]

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವ ಈ ಮೊಲಗಳು ಸತ್ತಿಲ್ಲ, ನಿದ್ರಿಸುತ್ತಲೂ ಇಲ್ಲ. ಕಿವಿಗಳು ಜೋತುಬಿದ್ದಿವೆ, ರೆಪ್ಪೆಗಳು ಇಳಿದಿವೆ, ಕೂರಿಸಿದ ಜಾಗದಿಂದ ಕದಲುವುದು ಅವುಗಳಿಗೆ ಸಾಧ್ಯವಾಗುತ್ತಿಲ್ಲ. 1957ರ ಸುಮಾರಿನಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಇವುಗಳಿಗೆ ರಿಸರ್ಪಿನ್ ಎಂಬ ಔಷಧವನ್ನು ಚುಚ್ಚಲಾಗಿತ್ತು. ಆಮೇಲೆ ಡೋಪಾ ಎಂಬ ಇನ್ನೊಂದು ವಸ್ತುವನ್ನು ಚುಚ್ಚಿದಾಗ ಕೆಲವೇ ನಿಮಿಷಗಳಲ್ಲಿ ಕಿವಿಗಳು ನೆಟ್ಟಗಾದವು, ಕಣ್ಣುಗಳು ತೆರೆದವು, ಏನೂ ಆಗಿಯೇ ಇರಲಿಲ್ಲವೆಂಬಂತೆ ಮೊಲಗಳು ಓಡಾಡತೊಡಗಿದವು. ಪ್ರಯೋಗ ನಡೆಸಿದ ತಂಡದ ಮುಖ್ಯಸ್ಥ, ಆಗಿನ್ನೂ ಮೂವತ್ತನಾಲ್ಕು ವರ್ಷದ ಆರ್ವಿದ್ ಕಾರ್ಲ್‌ಸನ್. ಪಾರ್ಕಿನ್‌ಸನ್ ರೋಗಿಗಳು ಇಂದು ನುಂಗುವ ಮುಖ್ಯ ಮಾತ್ರೆಯ ಕಥೆ ಈ ಮೊಲಗಳಿಂದಲೇ ಶುರುವಾಗುತ್ತದೆ.

[ದೃಶ್ಯ: ಸರ್ಪಗಂಧಿ ಗಿಡ, ಬೇರಿನ ಸಮೀಪ ಚಿತ್ರ]

ರಿಸರ್ಪಿನ್ ಸ್ವೀಡನ್ನಿನ ವಸ್ತುವಲ್ಲ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧಿಯ ಬೇರಿನಲ್ಲಿ ಅದು ಇದೆ. ಈ ಬೇರು ಉದ್ರೇಕಗೊಂಡ ಮನೋರೋಗಿಗಳನ್ನು ಶಾಂತಗೊಳಿಸುತ್ತದೆ, ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ತಮ್ಮ ರೋಗಿಗಳ ಅನುಭವವನ್ನು ಪ್ರಕಟಿಸಿದ ಮೇಲೆ ಪಶ್ಚಿಮದ ವೈದ್ಯರ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ಅದನ್ನು ಸೇವಿಸಿದ ಕೆಲವು ರೋಗಿಗಳಲ್ಲಿ ಪಾರ್ಕಿನ್‌ಸನ್ ರೋಗವನ್ನೇ ಹೋಲುವ ನಡುಕ ಮತ್ತು ಬಿಗಿತ ಕಾಣಿಸಿಕೊಂಡದ್ದು ಮುಂದೆ ಬಹಳ ಮುಖ್ಯವಾಯಿತು.

ಕಾರ್ಲ್‌ಸನ್ ಹುಟ್ಟಿದ್ದು 1923ರ ಜನವರಿ 25ರಂದು ಉಪ್ಸಾಲಾದಲ್ಲಿ, ಬೆಳೆದದ್ದು ಲುಂಡ್‌ನಲ್ಲಿ. ತಂದೆ ಇತಿಹಾಸದ ಪ್ರಾಧ್ಯಾಪಕರು; ಮಗ ವೈದ್ಯಕೀಯವನ್ನು ಆರಿಸಿಕೊಂಡರು. ಮೊದಲ ಸಂಶೋಧನೆ ನಡೆದದ್ದು ಕ್ಯಾಲ್ಸಿಯಂ ಕುರಿತು. ಆದರೆ ಲುಂಡ್‌ನಲ್ಲಿ ಒಂದು ಹುದ್ದೆಗೆ ಅರ್ಜಿ ಹಾಕಿದಾಗ, ಔಷಧಶಾಸ್ತ್ರದಲ್ಲಿ ಕ್ಯಾಲ್ಸಿಯಂಗೆ ಅಂಥ ಸ್ಥಾನವಿಲ್ಲವೆಂಬ ಅಭಿಪ್ರಾಯದಿಂದ ಪರಿಶೀಲನಾ ಸಮಿತಿ ಅವರನ್ನು ಕೈಬಿಟ್ಟಿತು. ಸಮಿತಿಗಳು ತಪ್ಪು ಮಾಡುವುದು ಹೊಸದೇನಲ್ಲ, ಆದರೆ ತಪ್ಪು ಮಾಡಿ ಇಷ್ಟು ಉಪಕಾರ ಮಾಡುವುದು ಅಪರೂಪ. ವಿಷಯ ಬದಲಿಸಲು ನಿರ್ಧರಿಸಿದ ಕಾರ್ಲ್‌ಸನ್ 1955ರಲ್ಲಿ ಅಮೆರಿಕದ ಬೆಥೆಸ್ಡಾಗೆ, ಬರ್ನಾರ್ಡ್ ಬ್ರಾಡಿ ಅವರ ಪ್ರಯೋಗಾಲಯಕ್ಕೆ ಹೋಗಿ ಸುಮಾರು ಐದು ತಿಂಗಳಿದ್ದರು. ರಿಸರ್ಪಿನ್ ಕೊಟ್ಟ ಪ್ರಾಣಿಯ ಮೆದುಳಿನಿಂದ ಸೆರೊಟೋನಿನ್ ಎಂಬ ರಾಸಾಯನಿಕ ಬರಿದಾಗುತ್ತದೆ ಎಂಬುದನ್ನು ಬ್ರಾಡಿಯವರ ತಂಡ ಆಗಷ್ಟೇ ಕಂಡುಕೊಂಡಿತ್ತು. ಅತ್ಯಲ್ಪ ಪ್ರಮಾಣದ ರಾಸಾಯನಿಕವನ್ನೂ ಅದು ಹೊಮ್ಮಿಸುವ ಬೆಳಕಿನಿಂದ ಅಳೆಯುವ ಹೊಸ ಉಪಕರಣವೂ ಅಲ್ಲಿತ್ತು.

ಲುಂಡ್‌ಗೆ ಮರಳಿದ ಕಾರ್ಲ್‌ಸನ್, ನಿಲ್ಸ್-ಓಕೆ ಹಿಲ್ಲಾರ್ಪ್ ಜೊತೆ ಸೇರಿ, ರಿಸರ್ಪಿನ್‌ನಿಂದ ಬರಿದಾಗುವುದು ಸೆರೊಟೋನಿನ್ ಒಂದೇ ಅಲ್ಲ, ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಕೂಡ ಎಂದು ತೋರಿಸಿದರು. ಹಾಗಾದರೆ ಮೊಲವನ್ನು ಮಂಕಾಗಿಸಿದ ಕೊರತೆ ಯಾವುದು? ಸಂಗಡಿಗರಾದ ಮಾರ್ಗಿತ್ ಲಿಂಡ್‌ಕ್ವಿಸ್ಟ್ ಮತ್ತು ಟೋರ್ ಮ್ಯಾಗ್ನುಸನ್ ಅವರೊಂದಿಗೆ ಅವರು ಹಿಡಿದ ದಾರಿ ಸರಳವಾಗಿತ್ತು: ಖಾಲಿಯಾದದ್ದನ್ನು ಮತ್ತೆ ತುಂಬಿ ನೋಡುವುದು. ಈ ರಾಸಾಯನಿಕಗಳನ್ನೇ ಚುಚ್ಚಿದರೆ ಅವು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಆದುದರಿಂದ ದಾಟಬಲ್ಲ, ದಾಟಿದ ಮೇಲೆ ಈ ರಾಸಾಯನಿಕಗಳಾಗಿ ಬದಲಾಗುವ ಪೂರ್ವರೂಪಗಳನ್ನು ಕೊಟ್ಟರು. ಸೆರೊಟೋನಿನ್‌ನ ಪೂರ್ವರೂಪಕ್ಕೆ ಮೊಲ ಎಚ್ಚರಗೊಳ್ಳಲಿಲ್ಲ. ಡೋಪಾ ಕೊಟ್ಟಾಗ ಏನಾಯಿತೆಂಬುದನ್ನು ಆಗಲೇ ಹೇಳಿದ್ದೇನೆ.

ಡೋಪಾದಿಂದ ಡೋಪಮೈನ್, ಡೋಪಮೈನ್‌ನಿಂದ ನಾರ್‌ಅಡ್ರಿನಲಿನ್ ಆಗುತ್ತದೆ ಎಂಬುದು ಆಗ ಗೊತ್ತಿದ್ದ ಸಂಗತಿ. ಆದ್ದರಿಂದ ಮೊಲವನ್ನು ಎಬ್ಬಿಸಿದ್ದು ನಾರ್‌ಅಡ್ರಿನಲಿನ್ ಇರಬೇಕೆಂದು ಯಾರಾದರೂ ಊಹಿಸುತ್ತಿದ್ದರು. ಆದರೆ ಎಚ್ಚೆತ್ತ ಪ್ರಾಣಿಯ ಮೆದುಳನ್ನು ಅಳೆದು ನೋಡಿದರೆ ಅದರಲ್ಲಿ ನಾರ್‌ಅಡ್ರಿನಲಿನ್ ಇರಲೇ ಇಲ್ಲ. ಇಲ್ಲಿ ಬಹುಮಂದಿ ಅಳತೆಯನ್ನೇ ಅನುಮಾನಿಸುತ್ತಿದ್ದರು. ಕಾರ್ಲ್‌ಸನ್ ಊಹೆಯನ್ನು ಅನುಮಾನಿಸಿದರು. ನಡುವಿನ ಮೆಟ್ಟಿಲೆಂದು ಎಲ್ಲರೂ ದಾಟಿಹೋಗುತ್ತಿದ್ದ ಡೋಪಮೈನ್ ಅನ್ನು ಅಳೆಯುವ ವಿಧಾನವನ್ನು ಬರ್ಟಿಲ್ ವಾಲ್ಡೆಕ್ ಜೊತೆ ರೂಪಿಸಿ, ಅದು ಮೆದುಳಿನಲ್ಲಿ ಸಹಜವಾಗಿಯೇ ಇದೆ, ರಿಸರ್ಪಿನ್‌ನಿಂದ ಮಾಯವಾಗುತ್ತದೆ, ಡೋಪಾ ಕೊಟ್ಟರೆ ಮರಳುತ್ತದೆ ಎಂದು 1958ರಲ್ಲಿ ಪ್ರಕಟಿಸಿದರು. ಮರುವರ್ಷ ಅವರ ವಿದ್ಯಾರ್ಥಿಗಳಾದ ಬರ್ಟ್ಲರ್ ಮತ್ತು ರೋಸೆನ್‌ಗ್ರೆನ್, ನಾಯಿಯ ಮೆದುಳಿನ ಡೋಪಮೈನ್‌ನ ಬಹುಪಾಲು ಚಲನೆಯನ್ನು ನಿಯಂತ್ರಿಸುವ ಸ್ಟ್ರಯೇಟಮ್ ಎಂಬ ಭಾಗದಲ್ಲೇ ಇರುವುದನ್ನು ಕಂಡರು. ರಿಸರ್ಪಿನ್ ತರಿಸುವ ನಡುಕಕ್ಕೂ ಪಾರ್ಕಿನ್‌ಸನ್ ರೋಗಕ್ಕೂ ಇದ್ದ ನಂಟು ಅಲ್ಲಿಗೆ ಕಣ್ಣಿಗೆ ಕಟ್ಟುವಂತಾಯಿತು.

1960ರಲ್ಲಿ ಲಂಡನ್ನಿನಲ್ಲಿ ನಡೆದ ಸಭೆಯೊಂದರಲ್ಲಿ ಕಾರ್ಲ್‌ಸನ್ ಇದನ್ನೆಲ್ಲ ಮಂಡಿಸಿದರು. ನೊಬೆಲ್ ಪುರಸ್ಕೃತ ಹೆನ್ರಿ ಡೇಲ್ ಸೇರಿದಂತೆ ಆ ಕಾಲದ ಹಿರಿಯ ಔಷಧಶಾಸ್ತ್ರಜ್ಞರು ಅಲ್ಲಿದ್ದರು. ಮೆದುಳಿನಲ್ಲಿ ಸಂದೇಶಗಳು ವಿದ್ಯುತ್ತಿನಿಂದ ಸಾಗುತ್ತವೆ, ರಾಸಾಯನಿಕಗಳಿಂದಲ್ಲ ಎಂಬ ನಂಬಿಕೆ ಇನ್ನೂ ಬಲವಾಗಿದ್ದ ದಿನಗಳವು. ಡೋಪಾ ಒಂದು ವಿಷವೆಂಬ ಮಾತೂ ಆ ಸಭೆಯಲ್ಲಿ ಬಂತು. ಬರಿಗೈಯಲ್ಲಿ ಹಿಂದಿರುಗಿದ ಕಾರ್ಲ್‌ಸನ್, ಅಷ್ಟರಲ್ಲಿ ತಾವು ಪ್ರಾಧ್ಯಾಪಕರಾಗಿ ಸೇರಿದ್ದ ಗೋಥೆನ್‌ಬರ್ಗ್‌ನಲ್ಲಿ ವಾದಕ್ಕಿಂತ ಸಾಕ್ಷ್ಯಕ್ಕೆ ಕೈಹಾಕಿದರು. ಹಿಲ್ಲಾರ್ಪ್ ಮತ್ತು ಬೆಂಗ್ಟ್ ಫಾಲ್ಕ್ ರೂಪಿಸಿದ ವಿಧಾನದಲ್ಲಿ, ಶೀತದಲ್ಲಿ ಒಣಗಿಸಿದ ಮೆದುಳಿನ ತೆಳುಪದರವನ್ನು ಫಾರ್ಮಾಲ್ಡಿಹೈಡ್ ಆವಿಗೆ ಒಡ್ಡಿದರೆ, ಡೋಪಮೈನ್ ಇರುವ ನರತಂತುಗಳು ಸೂಕ್ಷ್ಮದರ್ಶಕದಡಿ ಹಸಿರಾಗಿಯೂ ಸೆರೊಟೋನಿನ್ ಇರುವವು ಹಳದಿಯಾಗಿಯೂ ಹೊಳೆಯುತ್ತಿದ್ದವು. ಕಣ್ಣಾರೆ ಕಂಡ ಮೇಲೆ ವಿರೋಧ ತಣ್ಣಗಾಯಿತು.

[ದೃಶ್ಯ: ಎರಡು ಪ್ರನಾಳಗಳು, ಒಂದರಲ್ಲಿ ಗುಲಾಬಿ ಬಣ್ಣ, ಇನ್ನೊಂದು ಬಹುತೇಕ ಬಣ್ಣರಹಿತ]

ಆದರೆ ಮೊಲದಿಂದ ಮನುಷ್ಯನವರೆಗಿನ ಹೆಜ್ಜೆ ಇಟ್ಟದ್ದು ವಿಯೆನ್ನಾ. ಅಲ್ಲಿ ಒಲೆ ಹಾರ್ನಿಕಿಯೆವಿಚ್ ಮತ್ತು ಹರ್ಬರ್ಟ್ ಎಹ್ರಿಂಗರ್, ತೀರಿಕೊಂಡ ಪಾರ್ಕಿನ್‌ಸನ್ ರೋಗಿಗಳ ಮೆದುಳುಗಳನ್ನು ಪರೀಕ್ಷಿಸಿದರು. ಆರೋಗ್ಯವಂತರ ಸ್ಟ್ರಯೇಟಮ್‌ನಿಂದ ತೆಗೆದ ಸಾರಕ್ಕೆ ಅಯೋಡಿನ್ ಬೆರೆಸಿದಾಗ ಡೋಪಮೈನ್ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ರೋಗಿಗಳ ಸಾರದಲ್ಲಿ ಆ ಬಣ್ಣ ಹೆಚ್ಚುಕಡಿಮೆ ಬರಲೇ ಇಲ್ಲ. ಕೊರತೆ ಬರಿಗಣ್ಣಿಗೇ ಕಾಣುವಷ್ಟಿತ್ತು. 1961ರಲ್ಲಿ ವಾಲ್ಟರ್ ಬಿರ್ಕ್‌ಮೇಯರ್ ರೋಗಿಗಳಿಗೆ ಎಲ್-ಡೋಪಾ, ಅಂದರೆ ದೇಹ ಬಳಸಿಕೊಳ್ಳುವ ರೂಪದ ಡೋಪಾ, ಚುಚ್ಚಿದಾಗ, ಹಾಸಿಗೆಯಲ್ಲಿ ಎದ್ದು ಕೂರಲಾಗದವರು ಕೂತರು, ನಿಲ್ಲಲಾಗದವರು ನಿಂತರು. ಪರಿಣಾಮ ತಾತ್ಕಾಲಿಕ ಮಾತ್ರ. ಅಮೆರಿಕದ ಜಾರ್ಜ್ ಕೋಟ್ಜಿಯಾಸ್, ಕಡಿಮೆ ಪ್ರಮಾಣದಿಂದ ಶುರುಮಾಡಿ ವಾರಗಟ್ಟಲೆ ನಿಧಾನವಾಗಿ ಏರಿಸುತ್ತ ಬಾಯಿಯ ಮೂಲಕವೇ ದೊಡ್ಡ ಪ್ರಮಾಣವನ್ನು ಕೊಡಬಹುದೆಂದು 1967ರಲ್ಲಿ ತೋರಿಸಿದ ಮೇಲೆಯೇ ಅದು ನಿತ್ಯದ ಚಿಕಿತ್ಸೆಯಾಯಿತು. ಡೋಪಾ ದೇಹದ ಉಳಿದ ಭಾಗಗಳಲ್ಲೇ ಡೋಪಮೈನ್ ಆಗಿ ವಾಕರಿಕೆ ತರಿಸುವುದನ್ನು ತಡೆಯಲು ಕಾರ್ಬಿಡೋಪಾದಂಥ ಜೊತೆಗಾರ ಔಷಧ ಬಂದದ್ದು ಅನಂತರ.

ಇಲ್ಲೊಂದು ಮಾತು ಹೇಳಿ ಮುಂದುವರಿಯಬೇಕು. ಬೇಲಿಯಲ್ಲಿ ಹಬ್ಬಿ, ಮುಟ್ಟಿದರೆ ಮೈಯೆಲ್ಲ ತುರಿಕೆ ಎಬ್ಬಿಸುವ ನಸುಗುನ್ನಿ ಬಳ್ಳಿ ನಮ್ಮ ಹಳ್ಳಿಯ ಮಕ್ಕಳಿಗೆಲ್ಲ ಗೊತ್ತು. ಅದರ ಬೀಜದಲ್ಲಿ ಎಲ್-ಡೋಪಾ ಇರುವುದನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು 1937ರಲ್ಲಿ, ಅಂದರೆ ಅದರ ಉಪಯೋಗ ಯಾರಿಗೂ ತಿಳಿಯುವ ಮೊದಲೇ, ಪ್ರಕಟಿಸಿದ್ದರು. ಮೊಲವನ್ನು ಕೆಡವಿದ್ದೂ ಎಬ್ಬಿಸಿದ್ದೂ ನಮ್ಮ ನೆಲದ ಗಿಡಗಳಲ್ಲಿವೆ ಎಂದು ಹಿಗ್ಗುವುದು ಸರಿ. ಆದರೆ ಬೀಜದಿಂದ ಬೀಜಕ್ಕೆ ಡೋಪಾದ ಪ್ರಮಾಣ ಬದಲಾಗುವುದರಿಂದ, ವೈದ್ಯರು ಅಳೆದು ಬರೆದ ಮಾತ್ರೆಯ ಜೊತೆಗೆ ಅವರಿಗೆ ಹೇಳದೆ ಈ ಪುಡಿಯನ್ನೂ ಸೇವಿಸುವುದು ಅಪಾಯಕ್ಕೆ ದಾರಿ.

ಕಾರ್ಲ್‌ಸನ್ ಪಾರ್ಕಿನ್‌ಸನ್ ರೋಗದಲ್ಲೇ ನಿಲ್ಲಲಿಲ್ಲ. ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಔಷಧಗಳು ಡೋಪಮೈನ್ ಅನ್ನು ಬರಿದಾಗಿಸದೆ, ಅದು ಕೂರಬೇಕಾದ ಗ್ರಾಹಕಗಳನ್ನು ಮುಚ್ಚುತ್ತವೆ ಎಂಬ ಸೂಚನೆಯನ್ನು 1963ರಲ್ಲಿ ಲಿಂಡ್‌ಕ್ವಿಸ್ಟ್ ಜೊತೆ ಕೊಟ್ಟರು. ಖಿನ್ನತೆಗೆ ಸೆರೊಟೋನಿನ್ ಅನ್ನಷ್ಟೇ ಗುರಿಯಾಗಿಸುವ ಝಿಮೆಲಿಡಿನ್ ಎಂಬ ಔಷಧವನ್ನು ಸ್ವೀಡನ್ನಿನ ಆಸ್ಟ್ರಾ ಕಂಪನಿಯ ರಸಾಯನಶಾಸ್ತ್ರಜ್ಞರೊಂದಿಗೆ ರೂಪಿಸಿದರು. 1980ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಅದನ್ನು, ಕೆಲವು ರೋಗಿಗಳಲ್ಲಿ ನರಗಳನ್ನು ಬಾಧಿಸುವ ಗಿಯಾನ್-ಬಾರೆ ಕಾಯಿಲೆ ಕಾಣಿಸಿಕೊಂಡದ್ದರಿಂದ, 1983ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಅದೇ ತತ್ತ್ವದ ಫ್ಲುಆಕ್ಸೆಟಿನ್ ಕೆಲವೇ ವರ್ಷಗಳಲ್ಲಿ ಲೋಕಪ್ರಸಿದ್ಧವಾಯಿತು.

2000ರಲ್ಲಿ ಪಾಲ್ ಗ್ರೀನ್‌ಗಾರ್ಡ್ ಮತ್ತು ಎರಿಕ್ ಕ್ಯಾಂಡೆಲ್ ಜೊತೆ ಕಾರ್ಲ್‌ಸನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಹಾರ್ನಿಕಿಯೆವಿಚ್ ಹೆಸರು ಅದರಲ್ಲಿರಲಿಲ್ಲ. ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು; ವಿಯೆನ್ನಾದ ಆ ಬಣ್ಣರಹಿತ ಪ್ರನಾಳವನ್ನು ನೆನೆದರೆ ಅವರ ಅಸಮಾಧಾನ ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ.

ಡೋಪಾ ಕಳೆದುಹೋದದ್ದನ್ನು ತುಂಬುತ್ತದೆಯೇ ಹೊರತು ಡೋಪಮೈನ್ ತಯಾರಿಸುವ ನರಕೋಶಗಳ ಸಾವನ್ನು ತಡೆಯುವುದಿಲ್ಲ. ವರ್ಷಗಳು ಕಳೆದಂತೆ ಮಾತ್ರೆಯ ಬಲ ಮುಂದಿನ ಸರದಿಗೆ ಮೊದಲೇ ಇಳಿದು ಮೈ ಬಿಗಿಯುತ್ತದೆ, ಬಲ ಏರಿದ ಹೊತ್ತಿನಲ್ಲಿ ಕೈಕಾಲು ತಾವಾಗಿಯೇ ಕುಣಿಯುತ್ತವೆ. 1989ರಲ್ಲಿ ನಿವೃತ್ತರಾದ ಮೇಲೂ ಕಾರ್ಲ್‌ಸನ್ ಇದೇ ಏರಿಳಿತದ ಬೆನ್ನು ಹತ್ತಿದ್ದರು: ಡೋಪಮೈನ್‌ನ ಪ್ರಭಾವ ಕಡಿಮೆಯಾದಲ್ಲಿ ಹೆಚ್ಚಿಸುವ, ಹೆಚ್ಚಾದಲ್ಲಿ ತಗ್ಗಿಸುವ ಸ್ಥಿರಕಾರಿ ಸಂಯುಕ್ತಗಳನ್ನು ಹುಡುಕುತ್ತಿದ್ದರು. 2018ರ ಜೂನ್ 29ರಂದು, ತೊಂಬತ್ತೈದನೆಯ ವಯಸ್ಸಿನಲ್ಲಿ ಅವರು ಗೋಥೆನ್‌ಬರ್ಗ್‌ನಲ್ಲಿ ತೀರಿಕೊಂಡಾಗ, ಆ ಸಂಯುಕ್ತಗಳು ಇನ್ನೂ ಪರೀಕ್ಷೆಯ ಹಂತದಲ್ಲೇ ಇದ್ದವು.