ಯಜಮಾನರ ರಾಜಕೀಯ, ಗಿರಾಕಿಯ ಕಾರು

ಕೇಳುಗರೆಲ್ಲರಿಗೂ ನಮಸ್ಕಾರ. ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಒಬ್ಬ ಉದ್ಯಮಿಯ ರಾಜಕೀಯ ಅವರ ಕಾರು ಕಂಪನಿಯ ಹೆಸರನ್ನು ಏನು ಮಾಡುತ್ತದೆ ಎಂಬುದು ಇವತ್ತಿನ ವಿಷಯ. ಕಾರು ವಿದ್ಯುತ್ತಿನಿಂದ ಓಡುವ ಟೆಸ್ಲಾ, ಉದ್ಯಮಿ ಎಲಾನ್ ಮಸ್ಕ್. ಒಗ್ಗರಣೆಗೆ ಸಾಸಿವೆ ಹಾಕುತ್ತಾ ಕೇಳುತ್ತಿರುವವರು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿರುವ ಆಟೊ ಚಾಲಕರು, ‘ಅಮೆರಿಕದ ಕಾರಿನ ಗೊಡವೆ ನಮಗೇಕೆ’ ಎಂದು ದಯವಿಟ್ಟು ಬೇರೆ ಸ್ಟೇಷನ್ನಿಗೆ ತಿರುಗಿಸಬೇಡಿ. ಮೂವತ್ತು ವರ್ಷ ಕಾಲೇಜಿನಲ್ಲಿ ಮಾರುಕಟ್ಟೆಯ ಪಾಠ ಹೇಳಿದವನು ನಾನು. ಇದರಲ್ಲಿ ತಲೆಗೆ ಹತ್ತದಂಥದ್ದು ಏನೂ ಇಲ್ಲ.

ಒಂದೇ ಮಾತು ನೆನಪಿಟ್ಟುಕೊಳ್ಳಿ. ಸೋಪು ಬಚ್ಚಲುಮನೆಯಲ್ಲಿರುತ್ತದೆ, ಕಾರು ಬೀದಿಯಲ್ಲಿ ನಿಲ್ಲುತ್ತದೆ. ಸೋಪಿನ ಕಂಪನಿಯ ಯಜಮಾನರು ಯಾವ ಪಕ್ಷಕ್ಕೆ ಜೈ ಎಂದರೂ ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ನಿಮ್ಮನ್ನು ಯಾರೂ ಕೇಳುವುದಿಲ್ಲ. ಕಾರು ಹಾಗಲ್ಲ. ಅದು ನಿಮ್ಮ ಗೇಟಿನ ಮುಂದೆ ಹಗಲೂ ರಾತ್ರಿ ನಿಂತು ನೀವು ಎಂಥವರು ಎಂದು ಓಣಿಗೆಲ್ಲ ಹೇಳುತ್ತಿರುತ್ತದೆ. ವಿದ್ಯುತ್ ಕಾರಂತೂ ಇನ್ನೂ ಬಾಯಿಬಡುಕ. ನಮ್ಮಲ್ಲಿ ಅದಕ್ಕೆ ಹಸಿರು ನಂಬರ್ ಪ್ಲೇಟ್ ಬೇರೆ ಇದೆ!

ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಿ ಅಲ್ಲ, ಕಾಫಿಪುಡಿ ಅಂಗಡಿಯಲ್ಲಿ. ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆ ಬಸವನಗುಡಿಯಲ್ಲಿತ್ತು. ಬೀದಿಯ ತುದಿಯಲ್ಲಿ ಕಾಫಿಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ. ಯಜಮಾನರ ಹೆಸರು ಬೇಡ, ಮೊಮ್ಮಕ್ಕಳು ಕೇಳುತ್ತಿರಬಹುದು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಉದ್ದನೆಯ ಒಂದು ಲೆಕ್ಕದ ಪುಸ್ತಕ. ಯಾವ ಮನೆಗೆ ಎಷ್ಟು ಪೀಬೆರಿ, ಎಷ್ಟು ಚಿಕೋರಿ ಎಂದು ಅದರಲ್ಲಿ ಬರೆದಿರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯ ಹದ ತೂಕಕ್ಕೆ ಬಿದ್ದಿರುತ್ತಿತ್ತು. ಎರಡು ಕಿಲೋ ಕೊಂಡವರಿಗೆ ಹಳದಿ ಬಟ್ಟೆಯ ಕೈಚೀಲ ಉಚಿತ. ಮೇಲೆ ಹೊಗೆಯಾಡುವ ಲೋಟ, ಕೆಳಗೆ ಕೆಂಪು ಅಕ್ಷರದಲ್ಲಿ ಅಂಗಡಿಯ ಹೆಸರು. ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳಲು ಬಂದ ಹತ್ತು ಕೈಗಳಲ್ಲಿ ನಾಲ್ಕರಲ್ಲಿ ಆ ಚೀಲವೇ.

ಒಂದು ವರ್ಷ ಯಜಮಾನರಿಗೆ ರಾಜಕೀಯದ ಹುಕಿ ಹಿಡಿಯಿತು. ಬೀಸುವ ಯಂತ್ರದ ಸದ್ದನ್ನೂ ಮೀರಿಸಿ ಎದುರು ಪಕ್ಷದವರನ್ನು ಬೈಯುವುದು, ಪೊಟ್ಟಣದ ಜೊತೆಗೆ ಕರಪತ್ರ ಕೊಡುವುದು, ಕೊನೆಗೆ ಕಾರ್ಪೊರೇಷನ್ ಚುನಾವಣೆಗೂ ನಿಂತರು. ನಮ್ಮ ಸೋದರತ್ತೆಯ ಯಜಮಾನರು ಆ ಎದುರು ಪಕ್ಷದವರೇ. ಅತ್ತೆ ಪುಡಿ ಬಿಡಲಿಲ್ಲ. ‘ಪುಡಿ ಏನು ಮಾಡಿತು, ಪಾಪ’ ಎಂದರು. ಆದರೆ ಚೀಲವನ್ನು ತಿರುವಿ, ಒಳಮೈಯನ್ನು ಹೊರಗೆ ಮಾಡಿ ಬಜಾರಿಗೆ ಒಯ್ಯತೊಡಗಿದರು. ಹೊಲಿಗೆಯ ದಾರಗಳೆಲ್ಲ ಹೊರಗೆ ಜೋಲುತ್ತಿದ್ದವು. ಬಟ್ಟೆಯೋ ತೆಳು, ಕೆಂಪು ಅಕ್ಷರ ಹಿಂದುಮುಂದಾಗಿ ಕಾಣುತ್ತಲೇ ಇತ್ತು. ಸೊಪ್ಪಿನವಳು, ‘ಏನಮ್ಮ, ಚೀಲ ತಿರುವುಮುರುವು ಆಗಿದೆಯಲ್ಲ’ ಎಂದು ಎಲ್ಲರ ಎದುರಿಗೇ ಕೇಳಿದಳು. ಅತ್ತೆ ಉತ್ತರ ಕೊಡದೆ ದಂಟಿನ ಸೊಪ್ಪನ್ನು ಒಳಗೆ ತುರುಕಿಕೊಂಡು ಬಂದರು. ಯುಗಾದಿಯ ಹೊತ್ತಿಗೆ ನಮ್ಮ ಮನೆಗೂ ಅವರ ಮನೆಗೂ ಪುಡಿ ಪಕ್ಕದ ರಸ್ತೆಯಿಂದ ಬರುತ್ತಿತ್ತು.

ನೋಡಿ, ಮೊದಲು ಕೈಬಿಟ್ಟದ್ದು ಚೀಲ, ಆಮೇಲೆ ಪುಡಿ. ಪುಡಿಯ ಹದ ಒಂದು ಗುಂಜಿಯೂ ಬದಲಾಗಿರಲಿಲ್ಲ. ಇನ್ನು ಯಜಮಾನರ ಪಕ್ಷದವರು ಬೆನ್ನು ತಟ್ಟಿದರು, ಹಾರ ಹಾಕಿದರು. ಪುಡಿ ಕೊಳ್ಳಲಿಲ್ಲ. ಅವರಲ್ಲಿ ಅರ್ಧ ಮಂದಿ ಚಹಾ ಕುಡಿಯುವವರು! ಚುನಾವಣೆಯಲ್ಲಿಯೂ ಸೋತರು, ಬಿಡಿ.

ಕಥೆ ಸ್ವಲ್ಪ ಉದ್ದವಾಯಿತು. ಗಾಜಿನಾಚೆ ಕುಳಿತವರು ಗಡಿಯಾರ ತೋರಿಸುತ್ತಿದ್ದಾರೆ. ಆದರೂ ಅರ್ಧ ಪಾಠ ಮುಗಿದಂತೆಯೇ, ಏಕೆಂದರೆ ಟೆಸ್ಲಾದಲ್ಲಿ ಆದದ್ದೂ ಇದೇ. ಅಮೆರಿಕದಲ್ಲಿ, ಯುರೋಪಿನಲ್ಲಿ ಮೊದಮೊದಲು ಆ ಕಾರನ್ನು ಕೊಂಡವರು ಯಾರು? ಹೊಗೆ ಬೇಡ, ಪರಿಸರ ಉಳಿಯಲಿ ಎನ್ನುವ ಮಂದಿ. ಮಸ್ಕ್ 2022ರಲ್ಲಿ ಟ್ವಿಟರ್ ಕೊಂಡರು. 2024ರ ಜುಲೈನಲ್ಲಿ ಬಹಿರಂಗವಾಗಿ ಟ್ರಂಪ್ ಪರ ನಿಂತರು. ಆ ವರ್ಷದ ಅಧ್ಯಕ್ಷ ಚುನಾವಣೆಗೆ 25 ಕೋಟಿ ಡಾಲರಿಗೂ ಹೆಚ್ಚು ಸುರಿದರು. ಟ್ರಂಪ್ ಗೆದ್ದ ಮೇಲೆ ಸರ್ಕಾರಿ ಇಲಾಖೆಗಳಿಗೆ ಕತ್ತರಿ ಹಾಕುವ ಕೆಲಸಕ್ಕೂ ಕುಳಿತರು. 2025ರ ಜನವರಿಯಲ್ಲಿ ಜರ್ಮನಿಯ ಬಲಪಂಥೀಯ ಪಕ್ಷದ ಸಭೆಯಲ್ಲಿ ವಿಡಿಯೊ ಮೂಲಕ ಮಾತನಾಡಿದರು. ಪರಿಸರದ ಮಂದಿಗೆ ಸಹಿಸಲಾಗದ್ದು ಇವೆಲ್ಲವೂ. ಹೊಸದಾಗಿ ಜೈ ಎಂದವರೋ, ಪೆಟ್ರೋಲ್ ಟ್ರಕ್ಕಿನ ಮೇಲೆ ಪ್ರಾಣವಿಟ್ಟವರು. ಚಹಾ ಕುಡಿಯುವವರು ಎಂದೆನಲ್ಲ, ಹಾಗೆ.

ಆ ಫೆಬ್ರವರಿಯಲ್ಲಿ ಜರ್ಮನಿಯಲ್ಲಿ ಟೆಸ್ಲಾ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ 76ರಷ್ಟು ಕುಸಿಯಿತು. ಅದೇ ತಿಂಗಳು ಅಲ್ಲಿ ಒಟ್ಟಾರೆ ವಿದ್ಯುತ್ ಕಾರುಗಳ ಮಾರಾಟ ಏರಿತ್ತು. ಜಗತ್ತಿನಾದ್ಯಂತ 2023ರಲ್ಲಿ 18 ಲಕ್ಷ ಕಾರುಗಳ ಮಾರಾಟ ದಾಟಿದ್ದ ಕಂಪನಿ 2025ರಲ್ಲಿ 16.4 ಲಕ್ಷಕ್ಕೆ ಇಳಿಯಿತು. ಚೀನಾದ ಬಿವೈಡಿ 22 ಲಕ್ಷಕ್ಕೂ ಹೆಚ್ಚು ವಿದ್ಯುತ್ ಕಾರು ಮಾರಿ ಮುಂದೆ ಹೋಯಿತು. ಚೀನಾದವರ ಬೆಲೆ ಕಡಿಮೆ, ಟೆಸ್ಲಾದ ಮಾದರಿ ಹಳೆಯದು ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಾದಕ್ಕೆ ಬರುತ್ತಾನೆ. ಬರಲಿ. ಕಂಪನಿಯೇ 2025ರ ಮೊದಲ ಮೂರು ತಿಂಗಳ ವರದಿಯಲ್ಲಿ, ಬದಲಾಗುತ್ತಿರುವ ರಾಜಕೀಯ ಭಾವನೆ ಬೇಡಿಕೆಗೆ ತಟ್ಟಬಹುದು ಎಂದು ಬರೆದುಕೊಂಡಿತಲ್ಲ, ಅದಕ್ಕೇನು ಹೇಳುತ್ತಾನೆ?

ಇನ್ನು ಚೀಲದ ವಿಷಯಕ್ಕೆ ಬರುತ್ತೇನೆ. ಅಂಕಿಗಳಿಗಿಂತ ನನಗೆ ಇದೇ ಮುಖ್ಯ. ಕಾರು ಬೀದಿಯಲ್ಲಿ ನಿಲ್ಲುತ್ತದೆ, ಅದನ್ನು ಚೀಲದ ಹಾಗೆ ಒಳಮೈ ಹೊರಗೆ ಮಾಡಲು ಬರುವುದಿಲ್ಲ. ಪಾಪ, ಕೊಂಡವರು ಏನು ಮಾಡಿದರು ಗೊತ್ತೇ? ಯಜಮಾನರ ಬುದ್ಧಿ ತಿಳಿಯುವ ಮೊದಲೇ ಕೊಂಡದ್ದು ಎಂಬ ಅರ್ಥದ ಚೀಟಿಯನ್ನು ಕಾರಿನ ಹಿಂದೆ ಅಂಟಿಸಿಕೊಂಡರು. ಕೆಲವರು ಟೆಸ್ಲಾದ ಲಾಂಛನ ಕಿತ್ತು ಬೇರೆ ಕಂಪನಿಯದನ್ನು ಹಾಕಿದರು. ಗಗನಯಾತ್ರಿಯಾಗಿದ್ದು ಅಮೆರಿಕದ ಸಂಸತ್ತಿನಲ್ಲಿ ಸೆನೆಟರ್ ಆದ ಮಾರ್ಕ್ ಕೆಲ್ಲಿ ತಮ್ಮ ಟೆಸ್ಲಾವನ್ನೇ ಬಿಡುತ್ತೇನೆ ಎಂದು 2025ರ ಮಾರ್ಚಿನಲ್ಲಿ ಪ್ರಕಟಿಸಿದರು. ಹೊಲಿಗೆಯ ದಾರ ಜೋಲುತ್ತಿದ್ದುದು ಇವರೆಲ್ಲರಿಗೂ ಗೊತ್ತಿತ್ತು.

ಅದೇ ವರ್ಷ ಜೂನ್ 5ರಂದು ಮಸ್ಕ್ ಮತ್ತು ಟ್ರಂಪ್ ಎಲ್ಲರ ಮುಂದೆ ಜಗಳವಾಡಿಕೊಂಡಾಗ ಒಂದೇ ದಿನ ಟೆಸ್ಲಾ ಷೇರು ಶೇ 14ರಷ್ಟು ಬಿದ್ದಿತು. ಸ್ನೇಹದಿಂದ ಗಿರಾಕಿ ಹೋದರು, ಜಗಳದಿಂದ ಷೇರು ಹೋಯಿತು. ಫೋರ್ಡ್ ಕಾರು ಕಂಪನಿ ಕಟ್ಟಿದ ಹೆನ್ರಿ ಫೋರ್ಡ್ ಕಥೆಯನ್ನೂ ಹೇಳಬೇಕೆಂದಿದ್ದೆ. ಅವರು ತಮ್ಮ ಪತ್ರಿಕೆಯಲ್ಲಿ ಯೆಹೂದ್ಯರ ವಿರುದ್ಧ ವರ್ಷಗಟ್ಟಲೆ ವಿಷ ಕಾರಿಸಿ, ಫೋರ್ಡ್ ಕಾರುಗಳಿಗೆ ಬಹಿಷ್ಕಾರದ ಬಿಸಿ ತಟ್ಟಿ, 1927ರಲ್ಲಿ ಕ್ಷಮೆ ಕೇಳಿದರು. ಇಷ್ಟೇ ಹೇಳಲು ಸಮಯವಿದೆ.

ನಮ್ಮೂರಿನ ಮಾತು ಎರಡು. 2001ರಲ್ಲಿ ಬೆಂಗಳೂರಿನ ರೇವಾ ಎಂಬ ವಿದ್ಯುತ್ ಕಾರು ಬಂತು, ಲಂಡನ್ನಿನ ಬೀದಿಗಳಲ್ಲಿಯೂ ಓಡಿತು. ಆ ಕಾರನ್ನು ರೂಪಿಸಿದ ಚೇತನ್ ಮೈನಿಯವರು ಯಾರಿಗೆ ಮತ ಹಾಕುತ್ತಾರೆ ಎಂದು ಅದನ್ನು ಕೊಂಡ ನನ್ನ ಸಹೋದ್ಯೋಗಿಗೆ ಗೊತ್ತಿರಲಿಲ್ಲ, ಕೇಳಬೇಕು ಎಂದೂ ಅನ್ನಿಸಿರಲಿಲ್ಲ. ಕಾರು ಪುಟ್ಟದು ಎಂದು ನಕ್ಕರು, ಅಷ್ಟೇ. ನಮ್ಮ ಹೋಟೆಲುಗಳಲ್ಲಿ, ಕ್ಷೌರದ ಅಂಗಡಿಗಳಲ್ಲಿ ‘ರಾಜಕೀಯ ಮಾತನಾಡಬೇಡಿ’ ಎಂಬ ಫಲಕ ನೋಡಿದ್ದೀರಲ್ಲ? ಅದು ಗಿರಾಕಿಗಳಿಗಾಗಿ ಬರೆದದ್ದು ಎಂದುಕೊಂಡಿದ್ದೇವೆ. ಗಲ್ಲಾದ ಮೇಲೆ ಕುಳಿತವರ ಕಣ್ಣಿಗೂ ಅದು ನೇರವಾಗಿ ಕಾಣುವ ಹಾಗೆ ತೂಗುಹಾಕಿರುತ್ತಾರೆ, ಗಮನಿಸಿ.

2021ರ ಜನವರಿಯಲ್ಲಿ ಟೆಸ್ಲಾ ತನ್ನ ಭಾರತದ ಕಂಪನಿಯನ್ನು ನೋಂದಾಯಿಸಿದ್ದು ಬೆಂಗಳೂರಿನಲ್ಲಿಯೇ. ಮೊದಲ ಮಳಿಗೆ ಮಾತ್ರ 2025ರ ಜುಲೈನಲ್ಲಿ ಮುಂಬೈಯಲ್ಲಿ ತೆರೆಯಿತು. ಆಗ ಬೆಲೆ ಸುಮಾರು 60 ಲಕ್ಷ ರೂಪಾಯಿಯಿಂದ ಆರಂಭವಾಗಿತ್ತು. ಹಾಗಾದರೆ ಕೊಳ್ಳಬಹುದೇ ಎಂದು ಯಾರಾದರೂ ಪತ್ರ ಬರೆಯುವುದಾದರೆ, ನಿಮ್ಮ ಮನೆಯ ಮುಂದೆ ಅದನ್ನು ನಿಲ್ಲಿಸಲು ಜಾಗವಿದೆಯೇ ಎಂದು ಮೊದಲು ಅಳೆದು, ಆಮೇಲೆ ಬರೆಯಿರಿ. ನಮಸ್ಕಾರ.