ಒಂದು ಗದ್ದೆಗೆ ಎಷ್ಟು ಡಿಪಾರ್ಟ್‌ಮೆಂಟು?

ಎಲ್ಲರಿಗೂ ನಮಸ್ಕಾರ. ಮಂಡ್ಯಕ್ಕೆ ಬಂದು ಮಾತಾಡಿ ಅಂದಾಗ ವಿಷಯ ಏನು ಅಂತ ಕೇಳಿದೆ. ‘ಸುಸ್ಥಿರ ಅಭಿವೃದ್ಧಿಯಲ್ಲಿ ವಿಶ್ವವಿದ್ಯಾಲಯಗಳ ಬಹುಶಿಸ್ತೀಯ ಸಂಶೋಧನೆ’ ಅಂದರು. ಊಟ ಆದ ಮೇಲೆ ಇದನ್ನು ಕೇಳಿಸಿದರೆ ಯಾರಿಗಾದರೂ ನಿದ್ದೆ ಬರುತ್ತೆ. ಅದಕ್ಕೇ ನಾನು ಒಂದು ಗದ್ದೆ ಹಿಡಿದುಕೊಂಡು ಮಾತಾಡುತ್ತೇನೆ. ವಿಶ್ವೇಶ್ವರಯ್ಯ ನಾಲೆ ಬಯಲಿನ ಯಾವುದೋ ಒಂದು ಭತ್ತದ ಗದ್ದೆ ಅಂದುಕೊಳ್ಳಿ. ನಿಮ್ಮದೇ ಆದರೂ ಆಯಿತು.

2015ರಲ್ಲಿ ವಿಶ್ವಸಂಸ್ಥೆ ಸುಸ್ಥಿರ ಅಭಿವೃದ್ಧಿಗೆ ಅಂತ 17 ಗುರಿಗಳನ್ನು ಹಾಕಿಕೊಂಡಿತು, 2030ರೊಳಗೆ ಮುಟ್ಟಬೇಕು ಅಂತ. ಈಗ ಕಾಲೇಜು ಕಾರಿಡಾರುಗಳಲ್ಲಿ ಆ ಬಣ್ಣದ ಚೌಕಗಳ ಪೋಸ್ಟರ್ ನೋಡಿರುತ್ತೀರಿ. ಹಸಿವಿಗೆ ಒಂದು ಚೌಕ, ನೀರಿಗೆ ಒಂದು, ಆರೋಗ್ಯಕ್ಕೆ ಒಂದು, ಹವಾಮಾನಕ್ಕೆ ಒಂದು. ನಮ್ಮ ಡಿಪಾರ್ಟ್‌ಮೆಂಟುಗಳೂ ಹಾಗೇ ಅಲ್ವಾ, ಒಂದೊಂದಕ್ಕೂ ಒಂದೊಂದು ಬಾಗಿಲು, ಬಾಗಿಲಿಗೆ ಒಂದು ಬೋರ್ಡು. ಆದರೆ ಗದ್ದೆಗೆ ಇಳಿದರೆ ಎಲ್ಲವೂ ಒಂದೇ ಕೆಸರಿನಲ್ಲಿ ಸಿಗುತ್ತವೆ.

ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಯಿತು. ಮೂವತ್ತರ ದಶಕದಲ್ಲಿ ನಾಲೆಯಲ್ಲಿ ನೀರು ಹರಿಯಿತು. ಆಗ ಅದರ ಹೆಸರು ಇರ್ವಿನ್ ನಾಲೆ. ಕಬ್ಬು ಬಂತು, ಭತ್ತ ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಇದನ್ನೆಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ. ನಾವು ಜಾಸ್ತಿ ನೆನೆಯದ ಇನ್ನೊಂದು ವಿಷಯ ಇದೆ: ನೀರಿನ ಬೆನ್ನಿಗೇ ಮಲೇರಿಯಾನೂ ಬಂತು. ಎಂಜಿನಿಯರುಗಳು ನಾಲೆ ಚೆನ್ನಾಗಿ ಕಟ್ಟಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುವುದು ಅವರ ಪಾಠದಲ್ಲಿ ಇರಲಿಲ್ಲ. ಆಮೇಲೆ ದಶಕಗಳು ಕಳೆದು ಮಂಡ್ಯ, ಕೋಲಾರ ಕಡೆ ಜಪಾನಿ ಮೆದುಳು ಜ್ವರದ ಅಧ್ಯಯನ ನಡೆಯಿತು. ಆ ವೈರಸ್ಸನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಹುಟ್ಟುವುದು ಭತ್ತದ ಗದ್ದೆಯಲ್ಲೇ. ವೈರಸ್ಸು ಹಂದಿಯಲ್ಲಿ, ಬೆಳ್ಳಕ್ಕಿಯಲ್ಲಿ ಬೆಳೆಯುತ್ತೆ, ಅಲ್ಲಿಂದ ಸೊಳ್ಳೆಗೆ, ಸೊಳ್ಳೆಯಿಂದ ಮಕ್ಕಳಿಗೆ. ಇನ್ನೂ ಸೋಜಿಗ ಏನೆಂದರೆ, ಯೂರಿಯಾ ಹಾಕಿದ ಗದ್ದೆಯಲ್ಲಿ ಈ ಸೊಳ್ಳೆಮರಿ ಜಾಸ್ತಿ ಅಂತ ತಮಿಳುನಾಡಿನ ಗದ್ದೆಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಈಗ ಹೇಳಿ, ಇದು ಯಾರ ಸಬ್ಜೆಕ್ಟು? ಡಾಕ್ಟರದಾ, ಪ್ರಾಣಿಶಾಸ್ತ್ರದವರದಾ, ಗೊಬ್ಬರ ಶಿಫಾರಸು ಮಾಡುವವರದಾ?

ಸಮಾಜಶಾಸ್ತ್ರದವರು ಹಿಂದೆ ಕೂತಿದ್ದಾರೆ, ಇದು ನಮ್ಮದಲ್ಲ ಅಂತ. ಸ್ವಲ್ಪ ಮುಂದೆ ಬನ್ನಿ, ಈ ನಾಲೆಯ ಬಗ್ಗೆ ಆಗಿರುವ ಬಹಳ ಒಳ್ಳೆಯ ಸಂಶೋಧನೆಯೊಂದು ನಿಮ್ಮ ಕಡೆಯದೇ. ಸ್ಕಾರ್ಲೆಟ್ ಎಪ್‌ಸ್ಟೀನ್ ಅಂತ ಒಬ್ಬರು, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಬಂದವರು, ಅರ್ಥಶಾಸ್ತ್ರ ಓದಿ ಮಾನವಶಾಸ್ತ್ರಕ್ಕೆ ಹೊರಳಿದವರು. 1954ರಿಂದ 56ರವರೆಗೆ ಮಂಡ್ಯ ಸುತ್ತಿನ ಎರಡು ಹಳ್ಳಿಗಳಲ್ಲಿ ಇದ್ದರು. ಹಳ್ಳಿಗಳಿಗೆ ವಾಂಗಾಲ, ದಲೇನ ಅಂತ ಬೇರೆ ಹೆಸರಿಟ್ಟು ಬರೆದರು. ವಾಂಗಾಲಕ್ಕೆ ನಾಲೆ ನೀರು ಸಿಕ್ಕಿತ್ತು. ದಲೇನ ಎತ್ತರದಲ್ಲಿತ್ತು, ನೀರು ಏರಲಿಲ್ಲ.

ಯಾವ ಊರು ಜಾಸ್ತಿ ಬದಲಾಗಿರಬೇಕು? ನೀರು ಬಂದ ಊರು ಅಂತೀವಿ. ಅವರು ಕಂಡದ್ದು ಉಲ್ಟಾ. ವಾಂಗಾಲದವರ ಕೈಯಲ್ಲಿ ಕಬ್ಬಿನ ದುಡ್ಡು ಆಡಿತು, ಆದರೆ ಕಸುಬು ಬೇಸಾಯವೇ ಆಗಿ ಉಳಿಯಿತು, ಊರಿನ ಹಳೇ ಕಟ್ಟುಪಾಡು, ಯಜಮಾನಿಕೆ ಹೆಚ್ಚುಕಮ್ಮಿ ಹಾಗೇ ನಡೆಯಿತು. ದಲೇನದವರು ಸುತ್ತ ಎಲ್ಲರಿಗೂ ನೀರು ಬಂದು ತಮಗೆ ಬರದೇ ಇದ್ದದ್ದಕ್ಕೆ ಸುಮ್ನೆ ಕೂರಲಿಲ್ಲ, ಮಂಡ್ಯ ಪೇಟೆಗೆ ಕೆಲಸಕ್ಕೆ ಹೋದರು, ಗುತ್ತಿಗೆ ಹಿಡಿದರು, ವ್ಯಾಪಾರಕ್ಕಿಳಿದರು, ಪಕ್ಕದ ಊರಲ್ಲಿ ಗದ್ದೆ ಕೊಂಡರು. ಹಾಗೆ ಹೊರಗೆ ಹೋಗಿ ಬರುತ್ತಾ ಅವರ ಊರಿನ ಒಳಗಿನ ಸಂಬಂಧಗಳೇ ಸಡಿಲವಾದವು. ಎಪ್‌ಸ್ಟೀನ್ 1970ರಲ್ಲಿ ಮತ್ತೆ ಬಂದು ಅದೇ ಊರುಗಳನ್ನು ನೋಡಿದರು. ಈ ವಾಪಸ್ ಬರುವುದು ನನಗೆ ಬಹಳ ಇಷ್ಟ. ನಮ್ಮಲ್ಲಿ ಎಷ್ಟು ಜನ ಪಿಎಚ್‌ಡಿ ಕೈಗೆ ಬಂದ ಮೇಲೆ ಸರ್ವೆ ಮಾಡಿದ ಊರಿಗೆ ಮತ್ತೆ ಹೋಗಿದ್ದೀವಿ?

ಇನ್ನು ನೀರಿಗೆ ಬರೋಣ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಲ್ಲೇ ಇರುವುದು ನಿಜವಾದ ಗಂಟು.

ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿ ಇಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಕೊಳೆ, ಕೂಳೆಗಳನ್ನು ತಿಂದು ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಬಿಡುತ್ತವೆ. ಅದು ಬಹುಪಾಲು ಭತ್ತದ ಪೈರಿನ ಒಳಗಿಂದಲೇ ಹಾದು ಗಾಳಿಗೆ ಸೇರುತ್ತೆ. ಇದಕ್ಕೆ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಒಂದು ಉಪಾಯ ಹೇಳಿಕೊಟ್ಟಿದೆ, ತೀರಾ ಅಗ್ಗದ್ದು. ಪಿವಿಸಿ ಪೈಪಿನ 30 ಸೆಂ.ಮೀ. ತುಂಡು ತಗೊಳ್ಳಿ. ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆಯಿರಿ. ಆ ಅರ್ಧವನ್ನು ಗದ್ದೆಯ ಮಣ್ಣಿಗೆ ಹೊಡೆದು, ಒಳಗೆ ತುಂಬಿದ ಮಣ್ಣನ್ನು ಕೈಯಲ್ಲಿ ತೆಗೆದುಬಿಡಿ. ಈಗ ಬದುವಿನಿಂದ ಬಗ್ಗಿ ಇಣುಕಿದರೆ ನೆಲದ ಕೆಳಗೆ ನೀರು ಎಲ್ಲಿದೆ ಅಂತ ಕಾಣುತ್ತೆ. ನೆಲಮಟ್ಟದಿಂದ 15 ಸೆಂ.ಮೀ. ಕೆಳಗೆ ಇಳಿಯುವವರೆಗೆ ಪೈರಿಗೆ ಏನೂ ತೊಂದರೆ ಇಲ್ಲ. ಆಮೇಲೆ 5 ಸೆಂ.ಮೀ. ನಿಲ್ಲುವಷ್ಟು ನೀರು ಕಟ್ಟಿ, ಮತ್ತೆ ಇಳಿಯಲು ಬಿಡಿ. ತೆನೆ ಹೂವಿಗೆ ಬರುವ ಹಿಂದೆ ಮುಂದೆ ಒಂದೊಂದು ವಾರ ಮಾತ್ರ ನೀರು ಆರಕೂಡದು. ಹೀಗೆ ಮಾಡಿದರೆ ನೀರು ಶೇ. 30ರವರೆಗೂ ಉಳಿಯುತ್ತೆ, ಮೀಥೇನ್ ಗಣನೀಯವಾಗಿ ಇಳಿಯುತ್ತೆ, ಆಗಲೇ ಹೇಳಿದ ಸೊಳ್ಳೆಮರಿಗಳಿಗೂ ಗದ್ದೆ ಆರಿದರೆ ಉಳಿಗಾಲ ಇಲ್ಲ.

ಇಷ್ಟು ಒಳ್ಳೆಯದಾದರೆ ಯಾಕೆ ಎಲ್ಲರೂ ಮಾಡುತ್ತಿಲ್ಲ ಅಂತ ಕೇಳಬಹುದು. ಒಬ್ಬ ಹಿರಿಯ ರೈತರಿಗೆ ಈ ಪೈಪಿನ ವಿಷಯ ಹೇಳಿದಾಗ ಅವರು ಕೊಟ್ಟ ಉತ್ತರ: ‘ನೀರೇನು ನಮ್ ಕೈಲಿದ್ದದಾ ಸ್ವಾಮಿ?’ ಸರಿಯಾದ ಮಾತು. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ, ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಮುಂದಿನ ಸರದಿಗೆ ನೀರು ಕೊನೆ ಭಾಗಕ್ಕೆ ಮುಟ್ಟುತ್ತೋ ಇಲ್ಲವೋ ಗೊತ್ತಿಲ್ಲದವನು ಬಂದಾಗಲೇ ಗದ್ದೆ ತುಂಬಿಸಿಕೊಳ್ಳುತ್ತಾನೆ. ಅದು ಅಜ್ಞಾನ ಅಲ್ಲ, ಲೆಕ್ಕಾಚಾರ. ನಾವು ಅವನಿಗೆ ‘ಅರಿವು ಮೂಡಿಸುವ ಕಾರ್ಯಕ್ರಮ’ ಮಾಡಿ ಟೀ ಬಿಸ್ಕೆಟ್ ಕೊಟ್ಟು ಬರುತ್ತೇವೆ! ಪೈಪು ಕೆಲಸ ಮಾಡಬೇಕಾದರೆ ಮೊದಲು ತೂಬಿನ ವೇಳಾಪಟ್ಟಿ ನಂಬುವ ಹಾಗಿರಬೇಕು. ಅಲ್ಲಿ ಸಿವಿಲ್ ಎಂಜಿನಿಯರಿಂಗ್ ಬೇಕು, ಜೊತೆಗೆ ಮೇಲಿನ ಗದ್ದೆಯವರಿಗೂ ಕೆಳಗಿನ ಗದ್ದೆಯವರಿಗೂ ನಡುವೆ ನಡೆಯುವ ರಾಜಕೀಯ ಗೊತ್ತಿರುವವರು ಬೇಕು.

ಇನ್ನೊಂದು ಇದೆ. ನೀರು ಆರಿದರೆ ಕಳೆ ಏಳುತ್ತೆ. ಕಳೆ ಕೀಳುವವರು ಯಾರು? ಹೆಂಗಸರು. ನೀರು ಉಳಿಸಿದ ಲೆಕ್ಕ ಸಂಶೋಧನಾ ಪೇಪರಿನಲ್ಲಿ ಬರುತ್ತೆ, ಬಗ್ಗಿ ಕಳೆ ಕಿತ್ತ ಸೊಂಟದ ಲೆಕ್ಕ, ಅವರಿಗೆ ಕೊಟ್ಟ ಕೂಲಿಯ ಲೆಕ್ಕ ಎಷ್ಟು ಪೇಪರಿನಲ್ಲಿ ಬರುತ್ತೆ? ಮನೆವಿಜ್ಞಾನ, ಮಹಿಳಾ ಅಧ್ಯಯನದವರನ್ನು ಸೆಮಿನಾರಿನ ಕೊನೆಯ ಅಧಿವೇಶನಕ್ಕೆ ಕರೆಯುವ ಬದಲು ಪ್ರಯೋಗದ ಮೊದಲ ದಿನವೇ ಕರೆದರೆ ಇದು ತಪ್ಪದೆ ಬರುತ್ತಿತ್ತು.

ಹಾಗಂತ ಒಬ್ಬರೇ ಒಂದೇ ಕೆಲಸಕ್ಕೆ ಕಚ್ಚಿಕೊಂಡು ಕೂತದ್ದರಿಂದ ಏನೂ ಆಗಿಲ್ಲ ಅಂತ ನಾನು ಹೇಳುತ್ತಿಲ್ಲ. ಇಲ್ಲೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ತಂದರು. ರಾಗಿ ಹೂವು ಎಷ್ಟು ಸಣ್ಣದು ನೋಡಿದ್ದೀರಾ? ಕೈಯಲ್ಲಿ ಬಿಡಿಸಿ ಪರಾಗ ಸೇರಿಸುವುದು ಹರಸಾಹಸ. ಅದಕ್ಕೇ ಆ ಬೆಳೆಯಲ್ಲಿ ಎರಡು ಗಿಡಗಳ ತೆನೆಗಳನ್ನು ಒಟ್ಟಿಗೆ ಕಟ್ಟಿಬಿಡುವ ವಿಧಾನವೂ ಇದೆ. ಅಷ್ಟು ತಾಳ್ಮೆ ಬೇಕು. ಆದರೆ ಆ ತಳಿ ಹೊಲಕ್ಕೆ ಹೋದಾಗ ರೈತ ಇಳುವರಿ ಒಂದನ್ನೇ ನೋಡುವುದಿಲ್ಲ, ಹುಲ್ಲು ದನ ತಿನ್ನುತ್ತಾ, ಮುದ್ದೆ ಚೆನ್ನಾಗಿ ಆಗುತ್ತಾ ಅಂತಲೂ ನೋಡುತ್ತಾನೆ. ತಳಿವಿಜ್ಞಾನಿಯ ಆಚೆಗೆ ಪಶುವೈದ್ಯರು, ಆಹಾರ ವಿಜ್ಞಾನದವರು ಬರುವುದು ಅಲ್ಲಿ.

ಬೆಲ್ಲದ ಕಥೆಯೂ ಇಂಥದ್ದೇ, ಬೇಗ ಹೇಳಿ ಮುಗಿಸುತ್ತೇನೆ. ಬೆಲ್ಲ ಬೆಳ್ಳಗಿರಲಿ ಅಂತ ಆಲೆಮನೆಯಲ್ಲಿ ಹೈಡ್ರೋಸ್ ಅನ್ನುವ ಬಿಳುಪು ಮಾಡುವ ರಾಸಾಯನಿಕ ಹಾಕುತ್ತಾರೆ. ಅದು ಬೇಡ, ಬೆಂಡೆ ಗಿಡದ ಲೋಳೆಯಲ್ಲೇ ಕಬ್ಬಿನ ಹಾಲು ತಿಳಿ ಮಾಡಬಹುದು ಅಂತ ಕೆಮಿಸ್ಟ್ರಿಯವರು ಹೇಳುತ್ತಾರೆ, ಹಳಬರಿಗೂ ಗೊತ್ತು. ಆದರೆ ಕಂದು ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ರೇಟು ಕಮ್ಮಿ ಬಿದ್ದರೆ ಆಲೆಮನೆಯವನು ಯಾವ ಉಪದೇಶ ಕೇಳುತ್ತಾನೆ? ಅಲ್ಲಿ ಕಾಮರ್ಸ್ ಓದುವ ಹುಡುಗರು ಒಂದು ಒಳ್ಳೆ ಅಧ್ಯಯನ ಮಾಡಬಹುದು. ಮೈಸೂರು ಇಲ್ಲಿಂದ ಒಂದು ಗಂಟೆ ದಾರಿ, 1916ರ ವಿಶ್ವವಿದ್ಯಾಲಯ ಅಲ್ಲಿದೆ, 1950ರಿಂದ ಆಹಾರ ತಂತ್ರಜ್ಞಾನದ ಕೇಂದ್ರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಲ್ಲಿದೆ. ಬಸ್ಸಿಗೆ ಕೊರತೆ ಇಲ್ಲ.

ಹಾಗಾದರೆ ನಮ್ಮ ವಿಭಾಗಗಳು ಯಾಕೆ ಒಟ್ಟಿಗೆ ಸೇರುತ್ತಿಲ್ಲ? ನನ್ನ ಪ್ರಕಾರ ಮನಸ್ಸಿಲ್ಲದ್ದಕ್ಕಲ್ಲ, ನಿಯಮ ಹಾಗಿರುವುದಕ್ಕೆ. ಬಡ್ತಿಗೆ ಅಂಕ ಕೊಡುವಾಗ ಪೇಪರಿನಲ್ಲಿ ಮೊದಲ ಹೆಸರು ಯಾರದು ಅಂತ ನೋಡುತ್ತಾರೆ. ಎರಡು ವಿಭಾಗದ ಗೈಡುಗಳು ಬೇಕು ಅಂತ ವಿದ್ಯಾರ್ಥಿ ಕೇಳಿದರೆ ಫೈಲು ಎರಡು ಕಚೇರಿ ಸುತ್ತಬೇಕು. ಇದನ್ನು ಸರಿಮಾಡಲು ವಿಶ್ವಸಂಸ್ಥೆ ಬರಬೇಕಾಗಿಲ್ಲ, ವಿಶ್ವವಿದ್ಯಾಲಯದ ಆಡಳಿತ ನಡೆಸುವ ನಮ್ಮ ಸಿಂಡಿಕೇಟ್ ಸಭೆ ಸಾಕು.

ಕೊನೆಗೆ ಒಂದು ಬೇಡಿಕೆ ಇಟ್ಟು ಕೂರುತ್ತೇನೆ, ಕುಲಸಚಿವರ ಕಚೇರಿಯವರು ಇದ್ದರೆ ಬರೆದುಕೊಳ್ಳಿ. ರೈತರ ಗದ್ದೆಯಲ್ಲಿ ಪ್ರಯೋಗ ಮಾಡುವಾಗ ಬೀಜ ಕೊಡುತ್ತೇವೆ, ಪೈಪು ಕೊಡುತ್ತೇವೆ, ಬೋರ್ಡು ನೆಟ್ಟು ಫೋಟೋ ತೆಗೆಯುತ್ತೇವೆ. ಪ್ರಯೋಗ ಕೈಕೊಟ್ಟು ಆ ವರ್ಷ ಇಳುವರಿ ಬಿದ್ದರೆ ನಷ್ಟ ಮಾತ್ರ ಅವರದ್ದು. ಪ್ರಾಜೆಕ್ಟ್ ಬಜೆಟ್ಟಿನಲ್ಲಿ ಕಂಪ್ಯೂಟರಿಗೆ ಒಂದು ಸಾಲು, ಪ್ರಯಾಣಕ್ಕೆ ಒಂದು ಸಾಲು ಇರುತ್ತೆ. ಬೆಳೆ ನಷ್ಟ ಪರಿಹಾರಕ್ಕೂ ಒಂದು ಸಾಲು ಸೇರಿಸಿ, ಮತ್ತು ಆ ದುಡ್ಡು ಕೊಯ್ಲು ಮುಗಿದ ತಿಂಗಳಲ್ಲೇ ಅವರ ಖಾತೆಗೆ ಹೋಗುವ ಹಾಗೆ ಮಾಡಿ.