ಮುಖ ಕಾಣದ ದನಿ

ಕೇಳುಗರಿಗೆ ನಮಸ್ಕಾರ.

ರೇಡಿಯೋದವರು ಹಾಕಲೊಪ್ಪದ ಹಾಡಿನ ಬಗ್ಗೆ, ಅದನ್ನು ಹಾಡಿದವರ ಮೇಲಿನ ಸಾಕ್ಷ್ಯಚಿತ್ರದ ಬಗ್ಗೆ ರೇಡಿಯೋದಲ್ಲೇ ಕೂತು ಮಾತಾಡಲು ಹೊರಟಿದ್ದೇನೆ. 1977ರ ಮೇ ತಿಂಗಳು. ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷವಾಯಿತೆಂದು ಇಂಗ್ಲೆಂಡಿನಲ್ಲಿ ಬೀದಿಬೀದಿಗೂ ತೋರಣ. ಆ ಹೊತ್ತಿಗೆ ಸರಿಯಾಗಿ ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಬ್ಯಾಂಡ್ (ಪಂಕ್ ಅಂದರೆ ಒರಟು ಬಂಡಾಯದ ರಾಕ್ ಸಂಗೀತ), 'ಗಾಡ್ ಸೇವ್ ದಿ ಕ್ವೀನ್' ಎಂದು ರಾಷ್ಟ್ರಗೀತೆಯ ಹೆಸರನ್ನೇ ಇಟ್ಟು, ಅರಮನೆಯನ್ನು ಹೀಯಾಳಿಸುವ ಹಾಡೊಂದನ್ನು ಹೊರತಂದಿತು. ಬಿಬಿಸಿ ಅದನ್ನು ನಿಷೇಧಿಸಿತು. ಹಾಡು ಮಾರಾಟದಲ್ಲಿ ಎರಡನೇ ಸ್ಥಾನಕ್ಕೇರಿತು. ಕೆಲವು ಅಂಗಡಿಗಳ ಪಟ್ಟಿಯಲ್ಲಿ ಎರಡರ ಮುಂದೆ ಹೆಸರೇ ಇಲ್ಲ, ಬರೀ ಖಾಲಿ ಜಾಗ!

ಈ ಬ್ಯಾಂಡಿನ ಕಥೆಯನ್ನು ಜೂಲಿಯನ್ ಟೆಂಪಲ್ ಎಂಬ ನಿರ್ದೇಶಕ ಎರಡು ಸಲ ಹೇಳಿದ್ದಾರೆ. 1980ರ ಮೊದಲ ಚಿತ್ರದಲ್ಲಿ ಕಥೆ ಮ್ಯಾನೇಜರ್ ಮಾಲ್ಕಂ ಮೆಕ್ಲಾರೆನ್‌ರದು. ಎಲ್ಲವೂ ನನ್ನದೇ ಸೂತ್ರ, ಹುಡುಗರು ಬರೀ ಗೊಂಬೆಗಳು ಎಂಬ ಧಾಟಿ. ಇಪ್ಪತ್ತು ವರ್ಷದ ಮೇಲೆ, 2000ದಲ್ಲಿ, ಅದೇ ಟೆಂಪಲ್ 'ದಿ ಫಿಲ್ತ್ ಅಂಡ್ ದಿ ಫ್ಯೂರಿ' (ಕೊಳಕು ಮತ್ತು ಕ್ರೋಧ) ಎಂಬ ಸಾಕ್ಷ್ಯಚಿತ್ರ ಮಾಡಿ ಗೊಂಬೆಗಳ ಬಾಯಿಗೇ ಮೈಕ್ ಹಿಡಿದರು.

ಈ ಚಿತ್ರದ ಹೆಸರು ಪತ್ರಿಕೆಯೊಂದರ ತಲೆಬರಹದ್ದು. 1976ರ ಡಿಸೆಂಬರ್ 1ರ ಸಂಜೆ ಟೀವಿಯ ನೇರಪ್ರಸಾರದಲ್ಲಿ ನಿರೂಪಕ ಬಿಲ್ ಗ್ರಂಡಿ ಈ ಹುಡುಗರನ್ನು ಕೆಣಕಿದರು; ಹುಡುಗರು ಬಾಯಿಗೆ ಬಂದಂತೆ ಬೈದರು. ಆ ಕಾರ್ಯಕ್ರಮ ಕಾಣುತ್ತಿದ್ದದ್ದು ಲಂಡನ್ ಸುತ್ತಮುತ್ತ ಮಾತ್ರ. ದೇಶಕ್ಕೆಲ್ಲ ಹಬ್ಬಿಸಿದ್ದು ಮಾರನೆಯ ದಿನದ ಪತ್ರಿಕೆಗಳು. ಊರೂರಲ್ಲಿ ಬ್ಯಾಂಡಿನ ಕಾರ್ಯಕ್ರಮಗಳು ರದ್ದಾದವು. ವೇಲ್ಸಿನ ಕೆರ್ಫಿಲಿಯಲ್ಲಿ ಒಳಗೆ ಪಂಕ್ ಅಬ್ಬರ, ಹೊರಗೆ ಡಿಸೆಂಬರ್ ಚಳಿಯಲ್ಲಿ ನಿಂತು ಊರವರು ಪ್ರತಿಭಟನೆಗೆಂದು ಕ್ರಿಸ್ಮಸ್ ಭಜನೆ ಹಾಡಿದರು.

ಹುಡುಗರು ಯಾಕಷ್ಟು ಸಿಟ್ಟಾಗಿದ್ದರು? 1975ರಲ್ಲಿ ಅಲ್ಲಿ ಬೆಲೆಯೇರಿಕೆ ಶೇಕಡ 24 ದಾಟಿತ್ತು, ಮರುವರ್ಷ ಸರ್ಕಾರ ಸಾಲಕ್ಕಾಗಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಬಾಗಿಲು ತಟ್ಟಿತು. ಚಿತ್ರ ಇದನ್ನು ಅಂಕಿಯಲ್ಲಿ ಹೇಳುವುದಿಲ್ಲ. ಬೀದಿಯ ಕಸದ ರಾಶಿ, ಹವಾಮಾನ ವರದಿ, ಜಾಹೀರಾತು, ಟೀವಿ ಹಾಸ್ಯಗಾರರನ್ನು ಒಂದರ ಮೇಲೊಂದು ಎಸೆಯುತ್ತದೆ. ನಡುನಡುವೆ ನಟ ಲಾರೆನ್ಸ್ ಒಲಿವಿಯರ್ ಅಭಿನಯಿಸಿದ, ಶೇಕ್ಸ್‌ಪಿಯರ್ ನಾಟಕದ ಗೂನುಬೆನ್ನಿನ ರಾಜ ಮೂರನೇ ರಿಚರ್ಡ್. ಗಾಯಕ ಜಾನ್ ಲೈಡನ್ ಐರಿಷ್ ವಲಸಿಗರ ಮಗ. ಏಳನೇ ವಯಸ್ಸಲ್ಲಿ ಮೆನಿಂಜೈಟಿಸ್, ಅಂದರೆ ಮಿದುಳು ಪೊರೆಯ ಉರಿಯೂತ ಬಂದು ನೆನಪೇ ಅಳಿಸಿಹೋಗಿತ್ತು. ವೇದಿಕೆಯ ಮೇಲಿನ ಆ ಬಾಗಿದ ಬೆನ್ನು, ದಿಟ್ಟಿಸುವ ಕಣ್ಣು ಆ ಕಾಯಿಲೆಯ ಉಳಿಕೆ.

ನನಗೆ ಹಿಡಿಸಿದ್ದು ಇನ್ನೊಂದು. ನಡುವಯಸ್ಸಿನ ಈ ಗಂಡಸರು ಮಾತಾಡುವಾಗ ಬೆಳಕು ಬೆನ್ನ ಹಿಂದೆ. ಮುಖ ಕಾಣದು, ಕಪ್ಪು ನೆರಳು, ದನಿ ಮಾತ್ರ. ನಮ್ಮ ರೇಡಿಯೋ ಹಾಗೆಯೇ! ಲೈಡನ್ ತಮ್ಮ ಗೆಳೆಯ, ಬ್ಯಾಂಡಿನ ಬೇಸ್ ಗಿಟಾರ್‌ನವನಾದ ಸಿಡ್ ವಿಷಸ್‌ನ ಬಗ್ಗೆ ಹೇಳುತ್ತಾ ಬರುತ್ತಾರೆ. ಆ ಗಿಟಾರನ್ನು ನೆಟ್ಟಗೆ ಬಾರಿಸಲು ಬಾರದಿದ್ದ ಹುಡುಗ, ಹೆರಾಯಿನ್‌ಗೆ ಬಿದ್ದು 1979ರ ಫೆಬ್ರುವರಿಯಲ್ಲಿ ಇಪ್ಪತ್ತೊಂದಕ್ಕೇ ಸತ್ತ. ಆ ಮಾತಿಗೆ ಬಂದಾಗ ನೆರಳು ಬಿಕ್ಕುತ್ತದೆ. ಜಗತ್ತಿಗೆಲ್ಲ ಬೈದ ಗಂಟಲು ಕಟ್ಟಿಕೊಳ್ಳುತ್ತದೆ. ಮುಖ ತೋರಿಸಿದ್ದರೆ ನಾನು ಬಹುಶಃ ಕಣ್ಣು ಬೇರೆಡೆ ತಿರುಗಿಸುತ್ತಿದ್ದೆ.

ಮೆಕ್ಲಾರೆನ್‌ಗೆ ಈ ಚಿತ್ರ ಅನ್ಯಾಯ ಮಾಡಿದೆ ಎನ್ನುವವರಿಗೆ ನಾನು ಎದುರಾಡಲಾರೆ. ಬ್ಯಾಂಡಿನ ಹೆಸರೂ ಬಟ್ಟೆಯೂ ಬೆಳೆದದ್ದು ಲಂಡನ್ನಿನ ಕಿಂಗ್ಸ್ ರೋಡಿನಲ್ಲಿದ್ದ ಆತನ ಬಟ್ಟೆ ಅಂಗಡಿಯಲ್ಲೇ ತಾನೆ.

ಮರೆಯಲಾಗದ್ದು 1977ರ ಕ್ರಿಸ್ಮಸ್ ದಿನ. ಹಡರ್ಸ್‌ಫೀಲ್ಡ್ ಊರು. ಮುಷ್ಕರ ಹೂಡಿದ್ದ ಅಗ್ನಿಶಾಮಕರ ಮಕ್ಕಳಿಗಾಗಿ ಬ್ಯಾಂಡ್ ಮಧ್ಯಾಹ್ನ ಹಾಡಿತು. ಮಕ್ಕಳು ಮನಸಾರೆ ಕುಣಿದರು. ಕೇಕು ತಿನ್ನುವುದು ಬಿಟ್ಟು ಎರಚಾಡಿದರು. ಪತ್ರಿಕೆಗಳು ರಾಕ್ಷಸನೆಂದು ಬರೆದಿದ್ದ ಲೈಡನ್ ಮುಖಕ್ಕೆಲ್ಲ ಕೇಕು ಮೆತ್ತಿಕೊಂಡು ನಿಂತಿದ್ದಾರೆ. ಸಿಡ್ ಇದ್ದ ಆ ಬಳಗ ಇಂಗ್ಲೆಂಡಿನಲ್ಲಿ ಹಾಡಿದ ಕೊನೆಯ ದಿನ ಅದೇ. ಇಪ್ಪತ್ತು ದಿನಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, "ಮೋಸಹೋದೆವು ಅಂತ ಯಾವತ್ತಾದರೂ ಅನಿಸಿದೆಯಾ?" ಎಂದು ಜನರನ್ನು ಕೇಳಿ ಲೈಡನ್ ವೇದಿಕೆ ಇಳಿದರು.

ನಮಸ್ಕಾರ.